ಪಿ ಸೈಕಲ್, ಸಿ ಸೈಕಲ್ ಮತ್ತು 19ನೇ ಗೇಟು

ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕ್ಸ್, ಅಂದರೆ ಬಲಗಳ ಲೆಕ್ಕ, ಪಾಠ ಮಾಡುವ ನನಗೆ ಪ್ರತಿ ವರ್ಷ ಫಸ್ಟ್ ಸೆಮ್ ಶುರುವಾದ ಒಂದೆರಡು ವಾರದಲ್ಲೇ ಈ ಪ್ರಶ್ನೆ ಬಂದೇ ಬರುತ್ತದೆ. ಕ್ಲಾಸಿನಲ್ಲಿ ಎದ್ದು ನಿಂತು ಕೇಳುವವರು ಕಡಿಮೆ. ಕಾರಿಡಾರಿನಲ್ಲಿ ಹಿಂದೆಯೇ ಬಂದು ಕೇಳುವವರು ಜಾಸ್ತಿ. "ಮೇಡಂ, ನಾವು ಕಂಪ್ಯೂಟರ್ ಸೈನ್ಸ್. ಈ ಬೀಮು, ಸೆಂಟ್ರಾಯ್ಡು, ಮೊಮೆಂಟ್ ಆಫ್ ಇನರ್ಷಿಯಾ ಎಲ್ಲ ನಮಗ್ಯಾಕೆ?" ಸಿವಿಲ್ ಹುಡುಗರು ಇದೇ ಪ್ರಶ್ನೆಯನ್ನು ಕೆಮಿಸ್ಟ್ರಿ ಮೇಡಂ ಹತ್ತಿರ ಕೇಳುತ್ತಾರೆ. ಮೆಕ್ಯಾನಿಕಲ್‌ನವರು ಸಿ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಕೇಳುತ್ತಾರೆ. ಎಂ1, ಅಂದರೆ ಮೊದಲ ಸೆಮಿಸ್ಟರಿನ ಗಣಿತದ ಬಗ್ಗೆಯಂತೂ ಎಲ್ಲ ಬ್ರಾಂಚಿನವರೂ ಕೇಳುತ್ತಾರೆ. ಮೊದಲ ವರ್ಷದ ವಿಷಯಗಳನ್ನು ನಮ್ಮಲ್ಲಿ ಫಿಸಿಕ್ಸ್ ಇರುವ ಪಿ ಸೈಕಲ್, ಕೆಮಿಸ್ಟ್ರಿ ಇರುವ ಸಿ ಸೈಕಲ್ ಅಂತ ಎರಡು ಸೆಮಿಸ್ಟರಿಗೆ ಹಂಚಿರುತ್ತಾರೆ.

ಸ್ಟಾಫ್ ರೂಮಿನಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ. ಸಿಲೆಬಸ್‌ನಲ್ಲಿದೆ, ಓದಬೇಕು. ಇಂಜಿನಿಯರ್ ಅಂದಮೇಲೆ ಎಲ್ಲ ಗೊತ್ತಿರಬೇಕು. ಮುಂದೆ ಉಪಯೋಗಕ್ಕೆ ಬರುತ್ತೆ. ಇವುಗಳಲ್ಲಿ ಒಂದೂ ಉತ್ತರವಲ್ಲ. ಕೇಳಿದ ಹುಡುಗಿ ತಲೆಯಾಡಿಸಿ ಹೋಗುತ್ತಾಳೆ, ಆದರೆ ಅವಳಿಗೆ ಸಮಾಧಾನ ಆಗಿರುವುದಿಲ್ಲ. ಸಿಇಟಿ ಬರೆದು, ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡಿ, ಮನೆಯವರು ಸಾಲ ಮಾಡಿ ಫೀಸು ಕಟ್ಟಿ ಕಳಿಸಿರುತ್ತಾರೆ. ನಾನು ಯಾಕೆ ಇದನ್ನು ಓದಬೇಕು ಅಂತ ತಿಳಿದುಕೊಳ್ಳುವ ಹಕ್ಕು ಅವಳಿಗೆ ಖಂಡಿತ ಇದೆ. ಅಷ್ಟೇ ಅಲ್ಲ, ನಾನು ಇಷ್ಟಪಟ್ಟು ಪಾಠ ಮಾಡುವ ವಿಷಯವೇ ಅವಳಿಗೆ ಬರೀ ದಾಟಿ ಹೋಗಬೇಕಾದ ಅಡ್ಡಿಯಾಗಿ ಕಂಡರೆ ನನಗೆ ನೋವಾಗುತ್ತದೆ.

ತುಂಬಾ ದಿನ ಇದನ್ನೇ ಯೋಚಿಸಿದಮೇಲೆ ನನಗೆ ಅನ್ನಿಸಿದ್ದು ಇಷ್ಟು. ಮೊದಲ ವರ್ಷದ ವಿಷಯಗಳು ಎಲ್ಲ ಬ್ರಾಂಚಿಗೂ ಬೇಕು. ಆದರೆ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಯಾವ ಒಂದು ವಿಷಯದ ಒಳಗೂ ಇಲ್ಲ. ನಿಜವಾದ ಒಂದು ವಸ್ತು ಕಣ್ಣ ಮುಂದೆ ನಿಂತು, ಅದನ್ನು ಅರ್ಥ ಮಾಡಿಕೊಳ್ಳಲು ಮೂರು ನಾಲ್ಕು ವಿಷಯಗಳನ್ನು ಒಟ್ಟಿಗೇ ಕರೆಯಬೇಕಾಗಿ ಬಂದಾಗ ಮಾತ್ರ ಅದು ಕಾಣುತ್ತದೆ. ನಮ್ಮ ಟೈಮ್‌ಟೇಬಲ್‌ನಲ್ಲಿ ಅಂಥ ಒಂದು ಗಂಟೆಯೇ ಇಲ್ಲ.

ಸಿಂಧನೂರಿನ ಹುಡುಗಿ ಕೇಳಿದ್ದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಗಿದ್ದು ಎಲ್ಲರಿಗೂ ನೆನಪಿರುತ್ತದೆ. ಆ ವಾರವೆಲ್ಲ ಟಿವಿಯಲ್ಲಿ ಅದೇ ಸುದ್ದಿ. ನಮ್ಮಲ್ಲಿ ಫಸ್ಟ್ ಸೆಮ್ ಕ್ಲಾಸು ಶುರುವಾಗುವ ಹೊತ್ತಿಗೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಉಕ್ಕಿನ ಅಡ್ಡಪಟ್ಟಿ) ಕೂರಿಸಿ ನೀರು ನಿಲ್ಲಿಸಿಯಾಗಿತ್ತು. ಬೆಳೆಗೆ ನೀರು ಸಾಕಾಗುತ್ತದೋ ಇಲ್ಲವೋ ಅನ್ನುವ ಆತಂಕ ಮಾತ್ರ ಆ ಕಡೆಯ ಊರುಗಳಲ್ಲಿ ಹಾಗೇ ಇತ್ತು. ನನ್ನ ಕ್ಲಾಸಿನಲ್ಲಿ ಸಿಂಧನೂರು ಕಡೆಯ ಹುಡುಗಿಯೊಬ್ಬಳಿದ್ದಳು. ಎಲೆಕ್ಟ್ರಾನಿಕ್ಸ್ ಬ್ರಾಂಚು. ಅವರ ಮನೆಯದ್ದು ಎಡದಂಡೆ ಕಾಲುವೆಯ ನೀರು ನಂಬಿದ ಭತ್ತದ ಗದ್ದೆ. ಫೋರ್ಸ್ ಸಿಸ್ಟಮ್ಸ್ ಮಾಡ್ಯೂಲ್ ನಡೀತಿದ್ದ ದಿನ, ಕ್ಲಾಸು ಮುಗಿಯುವ ಹೊತ್ತಿಗೆ ಅವಳು ಕೇಳಿದಳು: "ಮೇಡಂ, ನಮ್ ಡ್ಯಾಮಿನ ಗೇಟಿನ ಚೈನು ಕಡೀತಲ್ರೀ, ನೂರು ಟಿಎಂಸಿ ನೀರು ಜಗ್ಗಿದ್ರ ಯಾವ್ ಚೈನ್ ತಾನೇ ತಡೀತೈತ್ರಿ?"

ಈ ಪ್ರಶ್ನೆಯೊಳಗೆ ಎರಡು ತಪ್ಪು ಕಲ್ಪನೆಗಳಿವೆ. ಎರಡೂ ಸಹಜ, ಬಹಳ ಜನಕ್ಕೆ ಇರುವಂಥವು. ಅದಕ್ಕೇ ಆ ಪ್ರಶ್ನೆ ನನಗೆ ಅಷ್ಟು ಇಷ್ಟವಾಯಿತು. ಮರುದಿನದ ಪೂರ್ತಿ ಗಂಟೆಯನ್ನು ಅದಕ್ಕೇ ಇಟ್ಟೆ.

ಪೇಪರಿನಲ್ಲಿ ಬಂದಿದ್ದ ಅಳತೆ ಎಲ್ಲರ ಹತ್ತಿರವೂ ಇತ್ತು. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ, ತೂಕ ಸುಮಾರು 48 ಟನ್. ಅಂಥವು ಒಟ್ಟು 33. ಮೀಟರಿಗೆ ತಿರುಗಿಸಿದರೆ ಅಗಲ 18.3, ಎತ್ತರ 6.1. ಗೇಟು ಪೂರ್ತಿ ಮುಚ್ಚಿದೆ, ನೀರು ಗೇಟಿನ ತಲೆಯವರೆಗೆ ನಿಂತಿದೆ ಅಂತ ಇಟ್ಟುಕೊಂಡೆವು. ನೀರಿನ ಒತ್ತಡ ಆಳದ ಜೊತೆ ಜಾಸ್ತಿಯಾಗುತ್ತಾ ಹೋಗುತ್ತದೆ, ಪಿಯುಸಿಯಲ್ಲೇ ಓದಿದ್ದು. ಒಂದು ಮೀಟರ್ ಆಳಕ್ಕೆ ಚದರ ಮೀಟರಿಗೆ ಒಂದು ಟನ್. ಮೇಲೆ ಸೊನ್ನೆ, ಬುಡದಲ್ಲಿ 6.1 ಟನ್, ಸರಾಸರಿ 3.05. ಗೇಟಿನ ವಿಸ್ತೀರ್ಣ ಸುಮಾರು 112 ಚದರ ಮೀಟರ್. ಗುಣಿಸಿದರೆ ಸುಮಾರು 340 ಟನ್. ಬೋರ್ಡಿನ ಮೇಲೆ ಬರೆದು ಒಂದು ನಿಮಿಷ ಸುಮ್ಮನೆ ನಿಂತೆ.

"ಇದರಲ್ಲಿ ನೂರು ಟಿಎಂಸಿ ಎಲ್ಲಿ ಬಂತು?" ಅಂತ ಕೇಳಿದೆ. ಎಲ್ಲೂ ಬಂದಿರಲಿಲ್ಲ. ಹಿನ್ನೀರು ಎಷ್ಟು ದೂರ ಹರಡಿದೆ ಅನ್ನುವುದು ಲೆಕ್ಕದಲ್ಲೇ ಇಲ್ಲ. ಗೇಟಿನ ಹಿಂದೆ ಸಮುದ್ರವಿದ್ದರೂ, ಎರಡು ಅಡಿ ಅಗಲದ ತೊಟ್ಟಿಯಿದ್ದರೂ, ನೀರು ಅಷ್ಟೇ ಎತ್ತರಕ್ಕೆ ನಿಂತಿದ್ದರೆ ಗೇಟಿನ ಮೇಲೆ ಬೀಳುವ ಬಲ ಅಷ್ಟೇ. ಕ್ಲಾಸು ಇದನ್ನು ಒಪ್ಪಲಿಲ್ಲ! ಸುಮಾರು ಹೊತ್ತು ವಾದ ನಡೆಯಿತು. ನೂರು ಟಿಎಂಸಿ ನೀರು ಸುಮ್ನೆ ಹಿಂದೆ ನಿಂತಿರುತ್ತಾ ಮೇಡಂ, ತಳ್ಳಲ್ವಾ? ತಳ್ಳುತ್ತದೆ, ಆದರೆ ಅದು ತಳ್ಳುವುದು ತನ್ನ ಪಕ್ಕದ ನೀರನ್ನು, ಡ್ಯಾಮಿನ ಗೋಡೆಯನ್ನು, ದಡವನ್ನು, ತಳವನ್ನು. ಗೇಟಿಗೆ ತಾಗಿ ನಿಂತ ನೀರು ಗೇಟನ್ನು ಎಷ್ಟು ತಳ್ಳಬೇಕು ಅನ್ನುವುದನ್ನು ತೀರ್ಮಾನಿಸುವುದು ಆಳ ಮಾತ್ರ. ಬೆಂಚಿನ ಮೇಲಿದ್ದ ನೀರಿನ ಬಾಟಲಿಗಳನ್ನು ಹಿಡಿದುಕೊಂಡು ವಾದ ಮಾಡಿದರು, ಕೊನೆಗೆ ಒಪ್ಪಿದರು.

ಆಮೇಲೆ ಎರಡನೆಯದು. ಗೇಟನ್ನು ಮಾತ್ರ ಬೇರೆ ಮಾಡಿ ಬರೆಯಿರಿ ಅಂದೆ. ಸುತ್ತಮುತ್ತ ಇರುವುದನ್ನೆಲ್ಲ ಅಳಿಸಿ, ಅದು ಇದ್ದ ಕಡೆ ಅದು ಕೊಡುವ ಬಲವನ್ನು ಬಾಣದಲ್ಲಿ ಗುರುತಿಸಿ. ಇದೇ ಫ್ರೀ ಬಾಡಿ ಡಯಾಗ್ರಾಂ. ಪ್ರತಿ ಪರೀಕ್ಷೆಯಲ್ಲೂ ಎರಡು ಸಿಲಿಂಡರ್ ಒಂದು ತೊಟ್ಟಿಯಲ್ಲಿ ಕೂತಿರುವ ಲೆಕ್ಕಕ್ಕೆ ಬರೆದು ಬರೆದು ಸವೆದು ಹೋದದ್ದು. ನೀರಿನ 340 ಟನ್ ಅಡ್ಡಡ್ಡ ತಳ್ಳುತ್ತದೆ. ಅದನ್ನು ತಡೆಯುವುದು ಎರಡೂ ಕಡೆಯ ಕಂಬಗಳಲ್ಲಿ ಗೇಟು ಕೂರುವ ತೋಡುಗಳು. ಗೇಟಿನ ತೂಕ ಕೆಳಕ್ಕೆ. ಸರಪಳಿ ಮೇಲಕ್ಕೆ. ಬರೆದು ಮುಗಿಸಿದಮೇಲೆ ಆ ಹುಡುಗಿಯೇ ಹೇಳಿದಳು, "ಚೈನು ನೀರನ್ನ ತಡೀತಾನೇ ಇಲ್ರೀ ಮೇಡಂ." ಹೌದು. ನೀರನ್ನು ತಡೆಯುವುದು ಸರಪಳಿಯ ಕೆಲಸವೇ ಅಲ್ಲ. ಅದರ ಕೆಲಸ ಗೇಟನ್ನು ಎತ್ತುವುದು, ಹಿಡಿದುಕೊಳ್ಳುವುದು.

ಹಾಗಾದರೆ ನೀರಿಗೂ ಸರಪಳಿಗೂ ಸಂಬಂಧವೇ ಇಲ್ಲವಾ? ಇದೆ, ಘರ್ಷಣೆಯ ಮೂಲಕ. ಗೇಟನ್ನು ಎತ್ತುವಾಗ ನೀರು ಅದನ್ನು 340 ಟನ್ ಬಲದಲ್ಲಿ ತೋಡಿಗೆ ಒತ್ತಿ ಹಿಡಿದಿರುತ್ತದೆ. ಕಬ್ಬಿಣದ ಮೇಲೆ ಕಬ್ಬಿಣ ಜಾರಬೇಕು, ಘರ್ಷಣೆಯ ಗುಣಾಂಕ 0.3 ಅಂತ ಹಿಡಿದರೆ 102 ಟನ್. ಗೇಟಿನ ತೂಕದ ಎರಡು ಪಟ್ಟಿಗಿಂತ ಜಾಸ್ತಿ! ದೊಡ್ಡ ಗೇಟುಗಳಿಗೆ ಚಕ್ರ, ರೋಲರು ಯಾಕೆ ಕೂರಿಸುತ್ತಾರೆ, ಅವು ತುಕ್ಕು ಹಿಡಿದು ತಿರುಗದೇ ಹೋದರೆ ಸರಪಳಿಯ ಮೇಲೆ ಏನಾಗುತ್ತದೆ ಅನ್ನುವುದು ಅಲ್ಲಿಗೆ ಯಾರೂ ಹೇಳಿಕೊಡದೆಯೇ ಗೊತ್ತಾಯಿತು. ತುಕ್ಕು ಅಂದ ಕೂಡಲೇ ಹಿಂದಿನ ಬೆಂಚಿನಿಂದ ಒಬ್ಬ "ಡಿಫರೆನ್ಷಿಯಲ್ ಏರೇಷನ್" ಅಂದ. ಸಿ ಸೈಕಲ್ ರಿಪೀಟ್ ಮಾಡುತ್ತಿದ್ದ ಹುಡುಗ. ನೀರಿನ ಮಟ್ಟದ ಗೆರೆಯ ಹತ್ತಿರ ಕಬ್ಬಿಣಕ್ಕೆ ಮೇಲೆ ಆಮ್ಲಜನಕ ಜಾಸ್ತಿ, ಕೆಳಗೆ ಕಡಿಮೆ. ಕಡಿಮೆ ಇರುವ ಕಡೆ ತುಕ್ಕು ತಿನ್ನುತ್ತಾ ಹೋಗುತ್ತದೆ. ಕೆಮಿಸ್ಟ್ರಿಯ ಕರೋಷನ್ ಪಾಠದಲ್ಲಿ ಆರು ಮಾರ್ಕಿಗೆ ಚಿತ್ರ ಸಮೇತ ಬರೆಯುವ ಉತ್ತರ. ಎಪ್ಪತ್ತು ವರ್ಷದ ಹಳೆಯ ಡ್ಯಾಮಿನಲ್ಲಿ ಕಬ್ಬಿಣದ ಒಂದೊಂದು ಕೊಂಡಿಯನ್ನೂ ಯಾಕೆ ನೋಡುತ್ತಿರಬೇಕು ಅನ್ನುವುದಕ್ಕೆ ಆ ಚಿತ್ರವೇ ಕಾರಣ ಹೇಳುತ್ತದೆ.

ಇನ್ನೊಂದು ಖುಷಿಯ ವಿಷಯ ಹೇಳಲೇಬೇಕು. ಕೊಚ್ಚಿ ಹೋದ ಗೇಟಿನ ಜಾಗಕ್ಕೆ ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಸ್ಟಾಪ್‌ಲಾಗ್‌ಗಳನ್ನು ತುಂಡು ತುಂಡಾಗಿ ಇಳಿಸಿತ್ತು, ಅದೂ ಹರಿಯುವ ನೀರಿನಲ್ಲಿ. ನಮ್ಮ ಲೆಕ್ಕದ ಗೇಟನ್ನೂ ನಾಲ್ಕು ನಾಲ್ಕು ಅಡಿಯ ಐದು ಪಟ್ಟಿಗಳಾಗಿ ಕತ್ತರಿಸಿದರೆ, ನಿಂತ ನೀರಿನಲ್ಲಿ ಒಂದೊಂದರ ಮೇಲೆ ಎಷ್ಟು ಬಲ ಅಂತ ಕೇಳಿದೆ. ಮೇಲಿನದ್ದಕ್ಕೆ ಸುಮಾರು 13.6 ಟನ್, ತಳದ್ದಕ್ಕೆ 122 ಟನ್. ಐದನ್ನೂ ಬರೆದು ಮುಗಿಸುವಷ್ಟರಲ್ಲಿ ಒಬ್ಬಳು ಎದ್ದು ನಿಂತು ಇದು 1, 3, 5, 7, 9ರ ಲೆಕ್ಕದಲ್ಲಿ ಹೋಗುತ್ತಿದೆ ಅಂದಳು. ಕೂಡಿದರೆ 25. ನಾನು ಹೇಳಿಕೊಟ್ಟಿರಲಿಲ್ಲ. ಬಲ ಆಳದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಎತ್ತರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು ಅನ್ನುವುದನ್ನು ಅವಳು ಬೆಸ ಸಂಖ್ಯೆಗಳಲ್ಲಿ ಕಂಡುಹಿಡಿದಿದ್ದಳು. ಆ ಬಲವನ್ನೆಲ್ಲ ಒಂದೇ ಬಾಣವಾಗಿ ಎಲ್ಲಿ ಬರೆಯಬೇಕು ಅಂತ ಕೇಳಿದಾಗ "ತ್ರಿಕೋನದ ಸೆಂಟ್ರಾಯ್ಡ್, ಬುಡದಿಂದ ಮೂರನೇ ಒಂದು ಭಾಗ" ಅಂತ ಇಡೀ ಕ್ಲಾಸು ಹೇಳಿತು. ಸೆಂಟ್ರಾಯ್ಡ್ ಅಂದರೆ ಆಕಾರದ ಕೇಂದ್ರಬಿಂದು. ಮೇಲೆ ಸೊನ್ನೆಯಿಂದ ಬುಡದಲ್ಲಿ 6.1ರವರೆಗೆ ಬೆಳೆಯುವ ಒತ್ತಡದ ಚಿತ್ರವೇ ಆ ತ್ರಿಕೋನ. ಹಾಗಾಗಿ ಆ ಬಾಣ ತಳದಿಂದ ಸುಮಾರು ಎರಡು ಮೀಟರ್ ಮೇಲೆ. ಸೆಂಟ್ರಾಯ್ಡ್ ಬೇರೆ ಮಾಡ್ಯೂಲು. ಅದು ಯಾಕೆ ಇದೆ ಅಂತ ಆವತ್ತು ಯಾರೂ ಕೇಳಲಿಲ್ಲ.

ಮಾಡ್ಯೂಲು ಮಾಡ್ಯೂಲಾಗಿ

ನಮ್ಮ ತೊಂದರೆ ಇರುವುದು ಇಲ್ಲೇ. ಮೇಲಿನ ಒಂದು ಗೇಟಿಗೆ ಬೇಕಾಗಿದ್ದು ಪಿಯುಸಿಯ ಒತ್ತಡ ಮತ್ತು ಘರ್ಷಣೆ, ಒಂದು ಮಾಡ್ಯೂಲಿನ ಸಮತೋಲನ, ಇನ್ನೊಂದು ಮಾಡ್ಯೂಲಿನ ಸೆಂಟ್ರಾಯ್ಡ್, ಬೇರೆ ಸೈಕಲ್ಲಿನ ಕೆಮಿಸ್ಟ್ರಿ. ವಿಟಿಯು ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲು, ಪ್ರತಿ ಮಾಡ್ಯೂಲಿಗೆ ಎರಡು ಪ್ರಶ್ನೆ, ಒಂದು ಬರೆದರಾಯಿತು. ಒಂದು ಮಾಡ್ಯೂಲಿನ ಪ್ರಶ್ನೆಗೆ ಇನ್ನೊಂದು ಮಾಡ್ಯೂಲು ಬೇಕಾಗುವುದಿಲ್ಲ. ಮೂರು ಮಾಡ್ಯೂಲು ಗಟ್ಟಿ ಮಾಡಿಕೊಂಡರೆ ಪಾಸು ಅನ್ನುವುದು ಹಾಸ್ಟೆಲಿನಲ್ಲಿ ಮೊದಲ ವಾರವೇ ಸೀನಿಯರ್ಸ್ ಹೇಳಿಕೊಡುವ ಪಾಠ. ಮಕ್ಕಳನ್ನು ನಾನು ದೂರುವುದಿಲ್ಲ. ಬ್ಯಾಕ್ (ಪಾಸಾಗದೆ ಉಳಿದ ವಿಷಯ) ಉಳಿದರೆ ಪ್ಲೇಸ್‌ಮೆಂಟಿಗೆ ಕೂರಲು ಆಗುವುದಿಲ್ಲ ಅನ್ನುವ ಭಯ ತಲೆಯ ಮೇಲಿರುವಾಗ ಯಾರಾದರೂ ಹಾಗೇ ಓದುತ್ತಾರೆ. ಆದರೆ ಹಾಗೆ ಓದಿದವರಿಗೆ ಮೊದಲ ವರ್ಷ ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ ಚೂರುಗಳಷ್ಟೇ.

ವಿಟಿಯುನ 2022ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಗಣಿತ, ಫಿಸಿಕ್ಸ್, ಕೆಮಿಸ್ಟ್ರಿಗಳನ್ನು ಸಿಎಸ್, ಎಲೆಕ್ಟ್ರಿಕಲ್, ಸಿವಿಲ್, ಮೆಕ್ಯಾನಿಕಲ್ ಅಂತ ಸ್ಟ್ರೀಮಿಗೆ ತಕ್ಕ ಹಾಗೆ ಬೇರೆ ಬೇರೆ ಮಾಡಿದರು. ಒಳ್ಳೆಯ ಉದ್ದೇಶವೇ. "ನಮಗ್ಯಾಕೆ" ಅನ್ನುವ ಪ್ರಶ್ನೆಗೆ ಅದೂ ಒಂದು ಉತ್ತರ. ಸಿಎಸ್ ಮಕ್ಕಳಿಗೆ ಫಿಸಿಕ್ಸಿನಲ್ಲಿ ಕ್ವಾಂಟಂ ಕಂಪ್ಯೂಟಿಂಗ್ ಸಿಕ್ಕಿದ್ದು ನನಗೂ ಸಂತೋಷ. ಆದರೆ ಬ್ರಾಂಚಿಗೆ ಬೇಕಾದಷ್ಟನ್ನೇ ಕೊಡೋಣ ಅನ್ನುವ ದಾರಿಯಲ್ಲಿ ತುಂಬಾ ದೂರ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹದಿನೆಂಟು ವರ್ಷಕ್ಕೆ ಆರಿಸಿಕೊಂಡ ಬ್ರಾಂಚಿನಲ್ಲೇ ಇಡೀ ಜೀವನ ಕಳೆಯುವವರು ಎಷ್ಟು ಜನ? ನನ್ನ ಸಿವಿಲ್ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಇವತ್ತು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ.

ಎಲ್ಲರಿಗೂ ಮೊದಲು ಒಂದೇ ಬುನಾದಿ, ಆಮೇಲೆ ಅವರವರ ದಾರಿ ಅನ್ನುವುದು ಹಳೆಯ ಯೋಚನೆ. ಕ್ರಾಂತಿಯ ನಂತರದ ಫ್ರಾನ್ಸಿನಲ್ಲಿ, 1794ರಲ್ಲಿ ಶುರುವಾದ ಎಕೋಲ್ ಪಾಲಿಟೆಕ್ನಿಕ್ ಹಾಗೇ ನಡೆಯುತ್ತಿತ್ತು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಡ್ರಾಯಿಂಗ್ ಎಲ್ಲರಿಗೂ. ಅದನ್ನು ಮುಗಿಸಿದಮೇಲೆ ಸೇತುವೆ ರಸ್ತೆಗೆ ಒಂದು ಶಾಲೆ, ಗಣಿಗೆ ಒಂದು, ಫಿರಂಗಿ ದಳಕ್ಕೆ ಒಂದು. ಅದನ್ನು ಕಟ್ಟಿದವರಲ್ಲಿ ಒಬ್ಬ ಗಾಸ್ಪಾರ್ ಮೊಂಜ್. ನಮ್ಮ ಮಕ್ಕಳು ಇವತ್ತು ಬೈದುಕೊಂಡು ಬರೆಯುವ ಪ್ರೊಜೆಕ್ಷನ್ ಆಫ್ ಸಾಲಿಡ್ಸ್ (ಘನಾಕಾರಗಳನ್ನು ಕಾಗದದ ಮೇಲೆ ಬರೆಯುವ ಡ್ರಾಯಿಂಗ್ ಪಾಠ) ಹಿಂದಿನ ಜ್ಯಾಮಿತಿ ಅವನದ್ದೇ. ಕೋಟೆ ಕಟ್ಟುವ ಲೆಕ್ಕಕ್ಕೆ ಅದು ಎಷ್ಟು ಉಪಯೋಗಕ್ಕೆ ಬಂತೆಂದರೆ ಫ್ರೆಂಚ್ ಸೈನ್ಯ ಅದನ್ನು ವರ್ಷಗಟ್ಟಲೆ ಗುಟ್ಟಾಗಿ ಇಟ್ಟಿತ್ತು. ಒಂದು ಕಾಲಕ್ಕೆ ಸೈನ್ಯ ಬಚ್ಚಿಟ್ಟಿದ್ದ ವಿದ್ಯೆಯನ್ನು ನಾವು ಎರಡನೇ ಸೆಮಿಸ್ಟರಿನ ಮಗುವಿಗೆ ಕೊಡುತ್ತಿದ್ದೇವೆ ಅಂತ ಯಾರಾದರೂ ಹೇಳುತ್ತೀವಾ? ಷಟ್ಕೋನದ ಪಿರಮಿಡ್ಡು ಎಚ್‌ಪಿ (ಅಡ್ಡ ಸಮತಲ) ಮೇಲೆ ಒಂದು ಮೂಲೆಯಲ್ಲಿ ನಿಂತಿದೆ ಅಂತ ನೇರವಾಗಿ ಶುರು ಮಾಡುತ್ತೇವೆ.

ನಾನು ಓದುವಾಗ ಡ್ರಾಯಿಂಗ್ ಹೇಳಿಕೊಟ್ಟ ಮೇಷ್ಟ್ರು ಹಾಗೆ ಶುರು ಮಾಡಲಿಲ್ಲ. ಒಂದು ದಿನ ಚೀಲದಲ್ಲಿ ಕ್ಯಾರೆಟ್ಟು, ಆಲೂಗಡ್ಡೆ, ಚಾಕು ತಂದರು. ಕ್ಯಾರೆಟ್ಟಿನ ಚೂಪು ತುದಿಯನ್ನು ನೇರ ಕತ್ತರಿಸಿ ತೋರಿಸಿದರು, ವೃತ್ತ. ಓರೆಯಾಗಿ ಕತ್ತರಿಸಿದರು, ಎಲಿಪ್ಸು. ಪಕ್ಕದಿಂದ ಇಳಿಜಾರಿಗೆ ಸಮಾನಾಂತರವಾಗಿ ಕತ್ತರಿಸಿದರು, ಪ್ಯಾರಾಬೋಲಾ. ಕತ್ತರಿಸಿದ ಮುಖವನ್ನು ಶಾಯಿಯಲ್ಲಿ ಅದ್ದಿ ಶೀಟಿನ ಮೇಲೆ ಒತ್ತಿಸಿದರು. ಆಮೇಲೆ ಬೋರ್ಡಿಗೆ ಮಿನಿ ಡ್ರಾಫ್ಟರ್ ಕಟ್ಟಿಕೊಂಡು ಅದೇ ಕತ್ತರಿಕೆಯನ್ನು ಫ್ರಂಟ್ ವ್ಯೂ, ಟಾಪ್ ವ್ಯೂನಿಂದ ಗೆರೆ ಎಳೆದು ತೆಗೆಯಬೇಕಿತ್ತು. ನನ್ನ ಗೆರೆಯಲ್ಲಿ ಬಂದ ಎಲಿಪ್ಸೂ ಶಾಯಿಯಲ್ಲಿ ಒತ್ತಿದ್ದೂ ಅಕ್ಕಪಕ್ಕ ಕೂತಾಗ ಆದ ಸಂತೋಷ ಇವತ್ತಿಗೂ ಹಾಗೇ ಇದೆ. ಕಾಗದದ ಮೇಲೆ ಎರಡು ಚಪ್ಪಟೆ ಚಿತ್ರ ಇದ್ದರೆ ಸಾಕು, ಕಣ್ಣಿಗೆ ಕಾಣದ ಕತ್ತರಿಕೆಯ ನಿಜವಾದ ಆಕಾರ ಕೈಗೆ ಸಿಗುತ್ತದೆ. ಈಗ ಎಲ್ಲ ಕಂಪ್ಯೂಟರಿನಲ್ಲಿ. ಸಾಲಿಡ್ ಎಡ್ಜ್ ಅನ್ನುವ ಸಾಫ್ಟ್‌ವೇರ್ ಒಂದು ಕ್ಷಣದಲ್ಲಿ ಸೆಕ್ಷನ್ ತೋರಿಸುತ್ತದೆ, ಚೆನ್ನಾಗಿಯೇ ತೋರಿಸುತ್ತದೆ. ಹಾಗಾಗಿಯೇ ಕ್ಯಾರೆಟ್ಟು ಮೊದಲಿಗಿಂತ ಈಗ ಜಾಸ್ತಿ ಬೇಕು ಅನ್ನಿಸುತ್ತದೆ ನನಗೆ.

ಮಾತಿಗೆ ಬಂತು ಅಂತ ಇನ್ನೊಂದು. ಪ್ರತಿ ಸೆಪ್ಟೆಂಬರ್ 15ಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುತ್ತೇವೆ, ಭಾಷಣ ಮಾಡುತ್ತೇವೆ. ಫಸ್ಟ್ ಸೆಮ್ ಮಕ್ಕಳು ಹೊಸದಾಗಿ ಬಂದಿರುವ ಆಸುಪಾಸಿನಲ್ಲೇ ಆ ದಿನ ಬರುತ್ತದೆ. ಅವರು ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಕೂರಿಸಿದ ಸ್ವಯಂಚಾಲಿತ ಗೇಟು ನೀರು ಒಂದು ಮಟ್ಟಕ್ಕೆ ಬಂದಾಗ ತಾನೇ ತೆರೆದುಕೊಳ್ಳುತ್ತಿತ್ತು, ಇಳಿದಾಗ ತಾನೇ ಮುಚ್ಚಿಕೊಳ್ಳುತ್ತಿತ್ತು. ಮೋಟಾರಿಲ್ಲ, ಸೆನ್ಸಾರಿಲ್ಲ. ಬರೀ ತೂಕ ಮತ್ತು ನೀರಿನ ಲೆಕ್ಕ. ಆ ದಿನ ಅರ್ಧ ಗಂಟೆ ಆ ಗೇಟಿನ ಬಲಗಳನ್ನು ಬೋರ್ಡಿನ ಮೇಲೆ ಬರೆದರೆ ಅದಕ್ಕಿಂತ ದೊಡ್ಡ ಗೌರವ ಬೇರೆ ಇಲ್ಲ.

ರೇಲೀಸ್ ಪವರ್ ಮೆಥಡ್

ಇಷ್ಟೆಲ್ಲ ಹೇಳಿದರೂ ಸಿಎಸ್ ಮಕ್ಕಳು ಕೇಳಬಹುದು, ಗೇಟು ಸರಿ, ನಮ್ಮದೇನು? ಅದಕ್ಕೆ ಉತ್ತರ ನನ್ನ ವಿಷಯದಲ್ಲಿಲ್ಲ, ಎಂ1ರ ಕೊನೆಯ ಮಾಡ್ಯೂಲಿನ ರೇಲೀಸ್ ಪವರ್ ಮೆಥಡ್‌ನಲ್ಲಿದೆ. ಎಲ್ಲರೂ ಅದನ್ನು ಮಾಡಿರುತ್ತಾರೆ. ಮೂರು ಸಾಲು ಮೂರು ಕಂಬದ ಮ್ಯಾಟ್ರಿಕ್ಸ್ ಕೊಟ್ಟಿರುತ್ತಾರೆ. 1, 0, 0 ಇಂದ ಶುರು ಮಾಡಿ ಗುಣಿಸಬೇಕು, ದೊಡ್ಡ ಸಂಖ್ಯೆಯನ್ನು ಹೊರಗೆ ತೆಗೆಯಬೇಕು, ಉಳಿದದ್ದನ್ನು ಮತ್ತೆ ಗುಣಿಸಬೇಕು. ಐದಾರು ಸಲ ಮಾಡುವಷ್ಟರಲ್ಲಿ ಸಂಖ್ಯೆಗಳು ಅಲುಗಾಡುವುದನ್ನು ನಿಲ್ಲಿಸುತ್ತವೆ. ಹೊರಗೆ ತೆಗೆದ ಸಂಖ್ಯೆಯೇ ಅತಿ ದೊಡ್ಡ ಐಗನ್ ವ್ಯಾಲ್ಯೂ, ಉಳಿದದ್ದು ಅದರ ಐಗನ್ ವೆಕ್ಟರ್, ಅಂದರೆ ಮ್ಯಾಟ್ರಿಕ್ಸಿನಿಂದ ಮತ್ತೆ ಗುಣಿಸಿದರೂ ದಿಕ್ಕು ಬದಲಾಗದ ವೆಕ್ಟರ್. ಕ್ಯಾಲ್ಕುಲೇಟರ್ ಇದ್ದರೆ ಖಚಿತವಾಗಿ ಮಾರ್ಕ್ಸ್ ಬರುವ ಪ್ರಶ್ನೆ, ಹಾಗಾಗಿ ಎಲ್ಲರಿಗೂ ಇಷ್ಟ. ಏನು ಮಾಡುತ್ತಿದ್ದೇವೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್, ಗೂಗಲ್ ಶುರು ಮಾಡಿದರು. ವೆಬ್ ಪುಟಗಳಲ್ಲಿ ಯಾವುದು ಮುಖ್ಯ ಅಂತ ಅವರು ಗುರುತಿಸಿದ್ದು ಇದೇ ಲೆಕ್ಕದಲ್ಲಿ. ಮುಖ್ಯವಾದ ಪುಟಗಳು ಯಾವ ಪುಟಕ್ಕೆ ಲಿಂಕ್ ಕೊಡುತ್ತವೋ ಅದು ಮುಖ್ಯ. ಇದು ಸುತ್ತು ಸುತ್ತಾದ ಮಾತು, ಎಲ್ಲಿಂದ ಶುರು ಮಾಡುವುದು? ಎಲ್ಲ ಪುಟಕ್ಕೂ ಒಂದಷ್ಟು ಅಂಕ ಕೊಡಿ. ಪ್ರತಿ ಪುಟವೂ ತನ್ನ ಅಂಕವನ್ನು ತಾನು ಲಿಂಕ್ ಕೊಟ್ಟ ಪುಟಗಳಿಗೆ ಸಮನಾಗಿ ಹಂಚಲಿ. ಮತ್ತೆ ಹಂಚಲಿ. ಮತ್ತೆ. ಸಂಖ್ಯೆಗಳು ನಿಲ್ಲುವ ತನಕ. ಪೇಜ್‌ರ‍್ಯಾಂಕ್ ಅಂದರೆ ಇದು, ಅಂದರೆ ದೊಡ್ಡದೊಂದು ಮ್ಯಾಟ್ರಿಕ್ಸಿನ ಮೇಲೆ ಪವರ್ ಮೆಥಡ್. ಇಂಟರ್ನಲ್ಸ್‌ನಲ್ಲಿ ಮೂರು ಸಾಲಿನ ಮ್ಯಾಟ್ರಿಕ್ಸಿಗೆ ಮಾಡಿದ ಹುಡುಗನಿಗೆ ಇದನ್ನು ಹೇಳಿದರೆ ಅವನ ಮುಖ ನೋಡಬೇಕು.

ಗಣಿತ ಅಂದರೆ ಡಿಪ್ಲೊಮಾದಿಂದ ಬರುವ ಮಕ್ಕಳೂ ನೆನಪಾಗುತ್ತಾರೆ. ಅವರು ನೇರ ಮೂರನೇ ಸೆಮಿಸ್ಟರಿಗೆ ಸೇರುತ್ತಾರೆ, ಮೊದಲ ವರ್ಷದ ಗಣಿತವನ್ನು ತುಂಬಿಕೊಳ್ಳಲು ಮ್ಯಾಟ್‌ಡಿಪ್ ಅಂತ ಬೇರೆ ಪೇಪರು ಬರೆಯುತ್ತಾರೆ. ಸೈಟಿನಲ್ಲಿ, ವರ್ಕ್‌ಶಾಪಿನಲ್ಲಿ ಅವರ ಕೈ ಎಲ್ಲರಿಗಿಂತ ಚುರುಕು. ಗೇಟಿನ ಚಕ್ರ ಹೇಗೆ ಕೂರುತ್ತದೆ ಅಂತ ಅವರಿಗೆ ಹೇಳಿಕೊಡುವುದೇ ಬೇಡ. ಆದರೂ ಎಷ್ಟೋ ಮಂದಿಗೆ ಕೊನೆಯ ತನಕ ಕಾಡುವ ಪೇಪರು ಇದೇ. ಗೇಟಿನಂಥ ಲೆಕ್ಕದಿಂದ ಗಣಿತಕ್ಕೆ ಬಂದಿದ್ದರೆ ಅವರ ಅನುಭವ ಅವರ ಜೊತೆಗೇ ನಿಲ್ಲುತ್ತಿತ್ತು, ಈಗ ಅದು ಕ್ಲಾಸಿನ ಹೊರಗೇ ಉಳಿದುಬಿಡುತ್ತದೆ.

ಮ್ಯಾತ್ಸ್ ಡಿಪಾರ್ಟ್‌ಮೆಂಟಿನ ಸಹೋದ್ಯೋಗಿಯೊಬ್ಬರ ಜೊತೆ ಇದನ್ನೆಲ್ಲ ಮಾತಾಡಿದೆ. ಬರುವ ಸೆಮಿಸ್ಟರಿನಲ್ಲಿ ನಾವಿಬ್ಬರೂ ಒಂದೇ ಕ್ಲಾಸಿಗೆ ಒಟ್ಟಿಗೆ ಹೋಗುವುದು ಅಂತ ಮಾತಾಗಿದೆ. ಅವರದ್ದು ಕಾಲೇಜಿನ ವೆಬ್‌ಸೈಟಿನ ನಾಲ್ಕು ಪುಟ, ಯಾವುದರಿಂದ ಯಾವುದಕ್ಕೆ ಲಿಂಕ್ ಇದೆ ಅಂತ ಮಕ್ಕಳೇ ನೋಡಿ ಮ್ಯಾಟ್ರಿಕ್ಸ್ ಬರೆಯುವುದು. ನನ್ನದು ಗೇಟು. ಕೆಮಿಸ್ಟ್ರಿ ಮೇಡಂ ತುಕ್ಕು ಹಿಡಿದ ಒಂದು ಕೊಂಡಿ ಹುಡುಕಿ ತರುತ್ತೇನೆ ಅಂದಿದ್ದಾರೆ. ಪೋರ್ಷನ್ ಮುಗಿಯಬೇಕು, ಇಂಟರ್ನಲ್ಸ್ ಡೇಟ್ ಮುಂದೆ ಹೋಗಬಾರದು, ಹಾಗಾಗಿ ಎರಡು ಗಂಟೆ ಎಲ್ಲಿಂದ ತೆಗೆಯುವುದು ಅನ್ನುವುದೊಂದೇ ಉಳಿದಿದೆ. ಶನಿವಾರ ಮಧ್ಯಾಹ್ನವಾದರೂ ಪರವಾಗಿಲ್ಲ ಅಂತ ಪ್ರಿನ್ಸಿಪಾಲರಿಗೆ ಬರೆದು ಕೊಟ್ಟಿದ್ದೇವೆ. ಬೇರೆ ಕಾಲೇಜಿನಲ್ಲಿ ಯಾರಾದರೂ ಇಂಥದ್ದನ್ನು ಮಾಡುತ್ತಿದ್ದರೆ ಯಾವ ಲೆಕ್ಕ ತೆಗೆದುಕೊಂಡಿರಿ, ಎಷ್ಟು ಹೊತ್ತು ಹಿಡಿಯಿತು ಅಂತ ದಯವಿಟ್ಟು ತಿಳಿಸಿ.